ಎಂ35 ಲಾರಿಗೆ ತಾನೇ ಆಫ್ ಆಗುವ ಇಂಡಿಕೇಟರ್ ಕೂರಿಸಿದ್ದು

ಅಮೆರಿಕದ ಸೇನೆಯ ಹಳೇ ಲಾರಿ ಎಂ35ಎ2 ಓಡಿಸುವವರಿಗೆ ಗೊತ್ತಿದ್ದದ್ದೇ. ತಿರುವು ಮುಗಿದರೂ ಇಂಡಿಕೇಟರ್ ಲಿವರ್ ತಾನಾಗಿ ಹಿಂದಕ್ಕೆ ಬರಲ್ಲ. ಇಂಜಿನ್ ಸದ್ದಿನಲ್ಲಿ ದೀಪ ಮಿಣುಕಿಸುವ ಫ್ಲ್ಯಾಶರ್‌ನ ಟಿಕ್ ಟಿಕ್ ಕಿವಿಗೂ ಬೀಳಲ್ಲ. ಒಮ್ಮೆ ಹೀಗೆ ಮಿಣುಕಿಸಿಕೊಂಡೇ ಹೋಗುತ್ತಿದ್ದೆ. ನಾನು ಅಲ್ಲೇ ತಿರುಗುತ್ತೇನೆ ಅಂದುಕೊಂಡು ಅಡ್ಡರಸ್ತೆಯ ಕಾರೊಂದು ಮುಂದೆ ಬಂದೇಬಿಟ್ಟಿತು. ಒಂದು ಗೇಣಿನಲ್ಲಿ ತಪ್ಪಿತು. ಇದಕ್ಕೊಂದು ದಾರಿ ಹುಡುಕಲೇಬೇಕು ಅಂತ ಅವತ್ತೇ ಹಠ ಹಿಡಿದೆ. ಇಷ್ಟು ದೊಡ್ಡ ಸ್ಟೀರಿಂಗಿಗೆ ಅದೆಲ್ಲ ಆಗಲ್ಲ ಬಿಡು ಅಂದರು ಗೆಳೆಯರು.

ಮೊದಲು ಟೈಮರ್ ಹಾಕಿದೆ. ಸುಮಾರು 20 ಸೆಕೆಂಡಿಗೆ ಆಫ್. ಕೆಂಪು ದೀಪದ ಮುಂದೆ ಕಾಯುವಾಗಲೇ ಆಫ್ ಆಗುತ್ತಿತ್ತು, ತಿರುಗುವಾಗ ಏನೂ ಇರುತ್ತಿರಲಿಲ್ಲ. ಆಮೇಲೆ ಸ್ಟೀರಿಂಗಿನ ನಡುವಿನ ಹಬ್‌ಗೆ ಅಯಸ್ಕಾಂತ, ಪಕ್ಕದಲ್ಲಿ ಅಯಸ್ಕಾಂತ ಹತ್ತಿರ ಬಂದರೆ ಆನ್ ಆಗುವ ರೀಡ್ ಸ್ವಿಚ್, ಲಿವರ್ ಎಳೆಯಲು ಸೊಲೆನಾಯ್ಡ್ ಅನ್ನೋ ಕರೆಂಟಿನ ಸುರುಳಿ. ಮೇಜಿನ ಮೇಲೆ ಚೆನ್ನಾಗಿಯೇ ನಡೆಯಿತು. ಲಾರಿಯ ಅದುರಾಟಕ್ಕೆ ಮಾತ್ರ ಹಾಕಿದ ಲಿವರ್ ಸುಮ್ನೆ ಹಿಂದಕ್ಕೆ ಬೀಳತೊಡಗಿತು. ಇವೆರಡಕ್ಕೆ ಸುರಿದ ದುಡ್ಡಿಗೆ ಹೊಸ ಟೈರ್ ಒಂದು ಬರುತ್ತಿತ್ತು.

ಗೆದ್ದಿದ್ದು ಹಳೇ ಜೀಪುಗಳಲ್ಲಿದ್ದ ರಬ್ಬರ್ ಗಾಲಿಯ, ಸ್ಟೀರಿಂಗ್ ಕಂಬಕ್ಕೆ ಬಿಗಿಯುವ ಕ್ಲಾಂಪ್ ಸ್ವಿಚ್. ಲಿವರ್ ಒತ್ತಿದರೆ ಪುಟ್ಟ ಗಾಲಿ ಹಬ್‌ಗೆ ತಾಗುತ್ತದೆ. ಸ್ಟೀರಿಂಗ್ ವಾಪಸ್ ತಿರುಗಿದಾಗ ಲಿವರನ್ನು ಎಳೆದು ತರುತ್ತದೆ. ನಮ್ಮ ಹಬ್ ದುಂಡಗಿಲ್ಲ, ಬಣ್ಣ ಬೇರೆ ದಪ್ಪ, ಗಾಲಿ ಜಾರುತ್ತಿತ್ತು. ಎರಡು ತುಂಡಿನ ಅಲ್ಯೂಮಿನಿಯಂ ಬಳೆ ಲೇತ್‌ನಲ್ಲಿ ಮಾಡಿಸಿ ಹಬ್ ಸುತ್ತ ಬಿಗಿದೆ. ಓಲಾಟ ಒಂದೂವರೆ ಮಿಲಿಮೀಟರ್‌ನಷ್ಟಿತ್ತು. ತಗಡಿನ ಚೂರು ಇಟ್ಟು ಇಟ್ಟು ಕೂದಲೆಳೆಗೆ ತಂದೆ. ಅದಕ್ಕೇ ಎರಡು ಭಾನುವಾರ ಹೋಯಿತು. ಬಳೆಯ ಮೈಗೆ ಏನು ಹಚ್ಚಿದೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ. ಖರ್ಚು ಆ ಟೈರಿನ ಕಾಲು ಭಾಗವೂ ಆಗಲಿಲ್ಲ, ಅದರಲ್ಲೂ ಅರ್ಧ ಲೇತ್ ಕೂಲಿ.

ಸ್ವಿಚ್ 12 ವೋಲ್ಟಿನದು, ಲಾರಿ 24ರದ್ದು. ಅದರ ಕಾಂಟ್ಯಾಕ್ಟಿಗೆ ಏನೂ ಆಗಲ್ಲ. ಅಷ್ಟೇ ವ್ಯಾಟಿನ ಬಲ್ಬಿಗೆ 24 ವೋಲ್ಟಿನಲ್ಲಿ ಕರೆಂಟ್ ಅರ್ಧ ತಾನೇ? ಆದರೆ ಸ್ವಿಚ್ಚಿನ ಒಳಗಿನ ಪುಟ್ಟ ಸೂಚನಾ ಬಲ್ಬ್ ಮರೆತಿದ್ದೆ, ಆನ್ ಮಾಡಿದ ಕ್ಷಣಕ್ಕೇ ಸುಟ್ಟಿತು. ಫ್ಲ್ಯಾಶರ್ ಕೂಡ 24ರದ್ದೇ ಬೇಕು. ಹಿಂದಿನ ದೀಪಕ್ಕೆ ಎಲ್‌ಇಡಿ ಹಾಕಿದ್ದರೆ ಹಳೇ ಬಿಸಿಯಾಗುವ ಫ್ಲ್ಯಾಶರ್ ಮಿಣುಕಲ್ಲ, ಎಲೆಕ್ಟ್ರಾನಿಕ್ ತಗೊಳ್ಳಿ. ಬ್ರೇಕಿಗೂ ಇಂಡಿಕೇಟರಿಗೂ ಹಿಂದೆ ಒಂದೇ ಬಲ್ಬ್ ಅಲ್ವಾ? ಬ್ರೇಕ್ ವೈರ್ ಸ್ವಿಚ್ ಮೂಲಕವೇ ಹೋಗಬೇಕು. ಮೊದಲ ಸಲ ನೇರ ಕೊಟ್ಟಿದ್ದೆ. ಬ್ರೇಕ್ ತುಳಿದರೆ ಎರಡೂ ಕಡೆ ಒಂದೇ ಸಮ ಉರಿದು ಇಂಡಿಕೇಟರ್ ಕಾಣುತ್ತಲೇ ಇರಲಿಲ್ಲ.

ಎರಡು ವರ್ಷದಿಂದ ಓಡಿಸುತ್ತಿದ್ದೇನೆ. ಹತ್ತು ತಿರುವಿಗೆ ಒಂಬತ್ತು ಸಲ ಸರಿಯಾಗಿ ಆಫ್ ಆಗುತ್ತದೆ. ಲೇನ್ ಬದಲಿಸುವಾಗಿನ ಸಣ್ಣ ತಿರುವಿಗೆ ಮಾತ್ರ ಈಗಲೂ ಕೈಯಿಂದಲೇ ತರಬೇಕು. ಆಗಲ್ಲ ಅಂದವರಲ್ಲಿ ಇಬ್ಬರು ಬಳೆಯ ಅಳತೆ ಬರೆದುಕೊಂಡು ಹೋಗಿದ್ದಾರೆ. ಮುಂದೆ ಎಂ38ಎ1 ಜೀಪಿನ ಸರದಿ, ಅದರ ಬಳೆ ಲೇತ್‌ನಲ್ಲಿದೆ.