ಆ ಒಂದು ಫ್ಲಶ್ ಬಿಡಬಹುದಾ?

ಕಳೆದ ಮಳೆಗಾಲ ಬದಿಯಡ್ಕದ ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ನಮ್ಮ ಟೀಮಿನ ಹುಡುಗನೊಬ್ಬ ಲಿನಕ್ಸ್ ಡಿಸ್ಕ್ ಡ್ರೈವರಿಗೆ (ಡಿಸ್ಕ್ ನಡೆಸುವ ಕೋಡಿಗೆ) ಒಂದು ಪ್ಯಾಚ್, ಅಂದರೆ ತಿದ್ದುಪಡಿ, ಬರೆದು, "ಅಣ್ಣ, ಒಮ್ಮೆ ನೋಡಿ, ಸ್ಪೀಡ್ ಒಳ್ಳೆ ಬಂದಿದೆ" ಅಂದ. ಡಿಸ್ಕ್ ಸ್ಪೀಡ್ ಅಳೆಯುವ ಎಫ್ಐಓ ಅನ್ನುವ ಪ್ರೋಗ್ರಾಮಿನಲ್ಲಿ ಸಿಕ್ಕ ಲೆಕ್ಕವೂ ಚೆನ್ನಾಗಿಯೇ ಇತ್ತು.

ಡಿಸ್ಕ್ "ಬರೆದಾಯಿತು" ಅಂದರೂ ಡೇಟಾ ಅದರ ಒಳಗಿನ ತಾತ್ಕಾಲಿಕ ಮೆಮೊರಿ, ಅಂದರೆ ಕ್ಯಾಶ್‌ನಲ್ಲೇ ಇರಬಹುದು. ಕರೆಂಟ್ ಹೋದರೆ ಅದೂ ಹೋಯಿತು. ಅದಕ್ಕೇ, ಪ್ರೋಗ್ರಾಂ ಒಂದು ತನ್ನ ಡೇಟಾ ಭದ್ರವಾಗಲಿ ಅಂತ ಎಫ್‌ಸಿಂಕ್ ಕರೆದಾಗ ಕರ್ನಲ್ (ಲಿನಕ್ಸಿನ ತಿರುಳು) "ಕ್ಯಾಶಿನಲ್ಲಿದ್ದದ್ದನ್ನು ಗಟ್ಟಿಯಾಗಿ ಬರೆ" ಅನ್ನುವ ಫ್ಲಶ್ ಕಮಾಂಡ್ ಕಳಿಸಿ, ಅದು ಮುಗಿಯುವವರೆಗೆ ಕಾಯುತ್ತದೆ. ಇದು ನಿಧಾನ. ಹಿಂದಿನ ಫ್ಲಶ್ ಆದಮೇಲೆ ಏನೂ ಬರೆದಿಲ್ಲವಾದರೆ ಸುಮ್ನೆ ಇನ್ನೊಂದು ಯಾಕೆ ಅಂತ ಅವನು ಒಂದು ಫ್ಲ್ಯಾಗ್, ಅಂದರೆ ಏರಿಸಿ ಇಳಿಸುವ ಗುರುತು, ಇಟ್ಟಿದ್ದ. ರೈಟ್ (ಡಿಸ್ಕಿಗೆ ಬರೆಯುವುದು) ಮುಗಿದಾಗ ಏರಿಸುವುದು, ಫ್ಲಶ್ ಮುಗಿದಾಗ ಇಳಿಸುವುದು, ಇಳಿದಿದ್ದರೆ ಫ್ಲಶ್ ಕಳಿಸದೆಯೇ ಸರಿ ಅನ್ನುವುದು.

ಯೋಚನೆ ಒಳ್ಳೆಯದೇ. ಆದರೆ ಎಫ್‌ಸಿಂಕ್ ಜೋರಾಯಿತು ಅಂದರೆ ಎಲ್ಲೋ ಕಾಯುವುದನ್ನು ಬಿಟ್ಟಿದ್ದೇವೆ ಅಂತಲೇ ಅರ್ಥ. ಯಾವುದನ್ನು ಅಂತ ನಾನು ಮೊದಲು ಹುಡುಕುತ್ತೇನೆ. ಕಾಗದದಲ್ಲಿ ಎರಡು ಗೆರೆ ಎಳೆದೆ, ಒಂದೊಂದು ಸಿಪಿಯುವಿಗೆ ಒಂದೊಂದು. ಫ್ಲಶ್ ಹೊರಟಿದೆ, ಮುಗಿದಿಲ್ಲ. ಅಷ್ಟರಲ್ಲಿ ಇನ್ನೊಂದು ರೈಟ್ ಮುಗಿದು ಫ್ಲ್ಯಾಗ್ ಏರಿತು. ಈ ರೈಟಿಗೂ ಮೊದಲೇ ಹೊರಟ ಆ ಫ್ಲಶ್‌ಗೂ ಸಂಬಂಧವೇ ಇಲ್ಲ, ಆದರೂ ಅದು ಮುಗಿದ ಕೂಡಲೇ ಫ್ಲ್ಯಾಗ್ ಇಳಿಯಿತು. ಮುಂದಿನ ಎಫ್‌ಸಿಂಕ್ "ಎಲ್ಲ ಭದ್ರ" ಅಂತ ಸುಳ್ಳು ಹೇಳುತ್ತದೆ.

ಹಾಗಾದರೆ ಫ್ಲಶ್ ಕಳಿಸುವ ಮುಂಚೆಯೇ ಇಳಿಸು ಅಂತ ಬರೆದು ಕಳಿಸಿದೆ. ರಾತ್ರಿ ಮಲಗಿದ ಮೇಲೆ ಹೊಳೆಯಿತು, ನನ್ನ ಉತ್ತರವೂ ತಪ್ಪು. ಎಫ್‌ಸಿಂಕ್ ಕರೆದ ಮೊದಲನೆಯವನು ಫ್ಲ್ಯಾಗ್ ಇಳಿಸಿ ಫ್ಲಶ್‌ಗೆ ಕಾಯುತ್ತಿರುವಾಗ ಎರಡನೆಯವನು ಬಂದರೆ? ಇಳಿದ ಫ್ಲ್ಯಾಗ್ ನೋಡಿ ಕಾಯದೆ ಹೋಗುತ್ತಾನೆ. ಅವನ ಡೇಟಾ ಇನ್ನೂ ಕ್ಯಾಶ್‌ನಲ್ಲೇ ಇದೆ. ಆ ಫ್ಲಶ್ ಫೇಲಾದರಂತೂ ಅವನಿಗೆ ಗೊತ್ತೂ ಆಗುವುದಿಲ್ಲ.

ಬೆಳಿಗ್ಗೆಯೇ ಫೋನ್ ಮಾಡಿದೆ. ಫ್ಲ್ಯಾಗ್ ತೆಗೆದು ಎಣಿಕೆ ಇಟ್ಟೆವು. ಪ್ರತಿ ರೈಟ್ ಮುಗಿದಾಗ ಎಣಿಕೆ ಒಂದು ಏರುತ್ತದೆ. ಫ್ಲಶ್ ಹೊರಡುವಾಗ ಆಗಿನ ಎಣಿಕೆ ಬರೆದಿಟ್ಟುಕೊಳ್ಳುತ್ತದೆ, ಸರಿಯಾಗಿ ಮುಗಿದರೆ ಮಾತ್ರ "ಇಲ್ಲಿವರೆಗೆ ಭದ್ರ" ಅನ್ನುತ್ತದೆ. ಎಫ್‌ಸಿಂಕ್ ತನ್ನ ಎಣಿಕೆ ಅದರೊಳಗೆ ಬಂದಿದ್ದರೆ ವಾಪಸ್, ಇಲ್ಲವಾದರೆ ಕಾಯಬೇಕು ಅಥವಾ ಹೊಸ ಫ್ಲಶ್ ಕಳಿಸಬೇಕು. ವರ್ಚುವಲ್ ಮಷೀನಿನಲ್ಲಿ ಫ್ಲಶ್ ಮುಗಿಯುವ ಜಾಗದಲ್ಲಿ ಬೇಕಂತಲೇ 50 ಮಿಲಿಸೆಕೆಂಡ್ ತಡ ಹಾಕಿ ನೋಡಿದೆವು. ಹಳೆಯ ಎರಡೂ ಕೋಡ್ ಸಿಕ್ಕಿಬಿದ್ದವು, ಹೊಸದು ನಿಂತಿತು.

ಎಫ್ಐಓ ಕರೆಂಟ್ ತೆಗೆದು ನೋಡುವುದಿಲ್ಲ ಅಲ್ವಾ? ನಮ್ಮ ಕಡೆ ಒಂದು ಕಂಗು (ಅಡಿಕೆ ಮರ) ಕರೆಂಟ್ ಲೈನಿನ ಮೇಲೆ ಬಿದ್ದರೆ ಸಾಕು. ಸ್ಪೀಡ್ ಅವನ ಮೊದಲ ಪ್ಯಾಚಿನಷ್ಟು ಬರಲಿಲ್ಲ, ಹಳೆಯದಕ್ಕಿಂತ ಜಾಸ್ತಿಯೇ ಇತ್ತು. ಒಪ್ಪಿಗೆ ಕೊಡುವ ಮುಂಚೆ ಒಂದು ಕೇಳಿದೆ: ಆ ಎರಡೂ ಗೆರೆಚಿತ್ರ ಕೋಡಿನ ಮೇಲೆ ಕಮೆಂಟಾಗಿ ಹಾಕು. ಅಕ್ಷರಗಳಲ್ಲೇ ಗೆರೆ ಎಳೆದು ಹಾಕಿದ.