ಪ್ಯಾಂಕ್ರಿಯಾಸ್ ಗಡ್ಡೆ ಲಿಂಫೋಮಾ ಇರಬಹುದಾ? ಆಪರೇಷನ್‌ಗೆ ಮುಂಚೆ ನೋಡಿ

ಸ್ಕ್ಯಾನ್‌ನಲ್ಲಿ ಪ್ಯಾಂಕ್ರಿಯಾಸ್ (ಮೇದೋಜೀರಕ ಗ್ರಂಥಿ) ಗಡ್ಡೆ ಕಂಡ ತಕ್ಷಣ ಎಲ್ಲರ ತಲೆಗೂ ಬರುವುದು ಅಡಿನೊಕಾರ್ಸಿನೋಮಾ, ಅಂದರೆ ಅಲ್ಲಿನ ಮಾಮೂಲಿ ಕ್ಯಾನ್ಸರ್. ಹೆಚ್ಚಿನ ಸಲ ಅದೇ ಆಗಿರುತ್ತದೆ. ಆದರೆ ನೂರರಲ್ಲಿ ಒಬ್ಬರಿಗಿಂತ ಕಡಿಮೆ ಜನಕ್ಕೆ ಅದು ಲಿಂಫೋಮಾ, ಅಂದರೆ ಒಂದು ಬಗೆಯ ಬಿಳಿ ರಕ್ತಕಣಗಳ ಕ್ಯಾನ್ಸರ್. ಅದಕ್ಕೆ ದೊಡ್ಡ ಆಪರೇಷನ್ ಬೇಕಿಲ್ಲ, ಕೀಮೋಗೇ ಕರಗುತ್ತದೆ. ಅದಕ್ಕೇ ಮೊದಲೇ ಗುರುತಿಸಬೇಕು.

ಅನುಮಾನ ಯಾವಾಗ ಪಡಬೇಕು? ಗಡ್ಡೆ ದೊಡ್ಡದು, ಆದರೂ ಒಳಗಿನ ಮುಖ್ಯ ನಾಳ ಅಷ್ಟೇನೂ ಹಿಗ್ಗಿಲ್ಲ. ಕಿಡ್ನಿಯ ರಕ್ತನಾಳಕ್ಕಿಂತ ಕೆಳಗೂ ದುಗ್ಧ ಗ್ರಂಥಿಗಳು ಊದಿವೆ. ರಕ್ತಪರೀಕ್ಷೆಯಲ್ಲಿ ಎಲ್‌ಡಿಎಚ್ (ಕೋಶಗಳು ಹಾಳಾದಾಗ ಏರುವ ಕಿಣ್ವ) ಜಾಸ್ತಿ, ಸಿಎ 19-9 (ಪ್ಯಾಂಕ್ರಿಯಾಸ್ ಕ್ಯಾನ್ಸರ್‌ನಲ್ಲಿ ಹೆಚ್ಚಾಗಿ ಏರುವ ಗುರುತು) ಮಾತ್ರ ನಾರ್ಮಲ್. ಆದರೆ ಕಾಮಾಲೆ ಇದ್ದರೆ ಸಿಎ 19-9 ಸುಮ್ನೆ ಏರುವುದೂ ಉಂಟು, ಹಾಗಾಗಿ ಅದೊಂದನ್ನೇ ನಂಬಬೇಡಿ.

ಖಚಿತವಾಗುವುದು ಬಯಾಪ್ಸಿಯಿಂದಲೇ. ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆಯ ಒಳಗಿಂದಲೇ ಸೂಜಿ ಚುಚ್ಚಿ ಚೂರು ತೆಗೆಯುತ್ತಾರೆ. ಎಡವಟ್ಟಾಗುವುದು ಇಲ್ಲೇ. ತೆಗೆದದ್ದನ್ನೆಲ್ಲ ಫಾರ್ಮಲಿನ್ (ಚೂರು ಕೆಡದಂತೆ ಇಡುವ ದ್ರಾವಣ) ಡಬ್ಬಿಗೆ ಹಾಕಿಬಿಟ್ಟರೆ ಫ್ಲೋ ಸೈಟೋಮೆಟ್ರಿ, ಅಂದರೆ ಕೋಶಗಳ ಬಗೆ ಗುರುತಿಸುವ ಪರೀಕ್ಷೆ, ಆಗಲ್ಲ, ಅದಕ್ಕೆ ಜೀವಂತ ಕೋಶ ಬೇಕು. 'ಲಿಂಫೋಮಾ ಅನುಮಾನ ಇದೆ, ಫ್ಲೋಗೆ ಒಂದು ಭಾಗ ತೆಗೆದಿಡಿ' ಅಂತ ಮೊದಲೇ ಡಾಕ್ಟರಿಗೆ ನೆನಪಿಸಿ, ಸಂಕೋಚ ಬೇಡ. ಚೂರು ಸಾಲದಿದ್ದರೆ ದಪ್ಪ ಸೂಜಿಯಿಂದ ಮತ್ತೆ ತೆಗೆಯಬೇಕಾಗಬಹುದು. ಇನ್ನೊಂದು ಮಾತು: ತೀರಾ ತುರ್ತು ಇಲ್ಲದಿದ್ದರೆ ಬಯಾಪ್ಸಿಗೆ ಮುಂಚೆ ಸ್ಟಿರಾಯ್ಡ್ ಬೇಡ. ಗಡ್ಡೆ ಕುಗ್ಗಿ ಉತ್ತರವೇ ಮಸುಕಾಗುತ್ತದೆ.

ಲಿಂಫೋಮಾದ ಬಗೆಗಳಲ್ಲಿ ಇಲ್ಲಿ ಹೆಚ್ಚಾಗಿ ಸಿಗುವುದು ಡಿಫ್ಯೂಸ್ ಲಾರ್ಜ್ ಬಿ-ಸೆಲ್ ಲಿಂಫೋಮಾ. ಎಷ್ಟು ಹರಡಿದೆ ಅಂತ ಪೆಟ್-ಸಿಟಿ ಸ್ಕ್ಯಾನ್ ಹೇಳುತ್ತದೆ, ಚುರುಕಾದ ಗಡ್ಡೆ ಅದರಲ್ಲಿ ಹೊಳೆಯುತ್ತದೆ. ಕೀಮೋಗೆ ಮುಂಚೆ ಹೃದಯದ ಎಕೋ ಮಾಡಿಸಬೇಕು, ಕೀಮೋದಲ್ಲಿ ಕೊಡುವ ಡಾಕ್ಸೊರುಬಿಸಿನ್ ಹೃದಯಕ್ಕೆ ಹೊರೆ. ಹೆಪಟೈಟಿಸ್ ಬಿ ಪರೀಕ್ಷೆಯಂತೂ ತಪ್ಪಿಸಲೇಬೇಡಿ, ಯಾಕೆಂದರೆ ಮಲಗಿದ್ದ ವೈರಸ್ಸನ್ನು ಕೀಮೋ ಜೊತೆ ಕೊಡುವ ರಿಟುಕ್ಸಿಮಾಬ್ ಔಷಧ ಎಬ್ಬಿಸಬಹುದು. ಬಿಲಿರುಬಿನ್ (ಕಾಮಾಲೆಯಲ್ಲಿ ಏರುವ ಹಳದಿ ಅಂಶ) ಜಾಸ್ತಿ ಇದ್ದರೆ ಪಿತ್ತನಾಳಕ್ಕೆ ಸ್ಟೆಂಟ್ ಎಂಬ ಸಣ್ಣ ಕೊಳವೆ ಹಾಕಿ ಪಿತ್ತ ಇಳಿಸುತ್ತಾರೆ, ಇಲ್ಲವೇ ಡೋಸ್ ತಗ್ಗಿಸುತ್ತಾರೆ.

ಸಾಮಾನ್ಯವಾಗಿ ಕೊಡುವುದು ಆರ್-ಚಾಪ್ (ರಿಟುಕ್ಸಿಮಾಬ್, ಡಾಕ್ಸೊರುಬಿಸಿನ್ ಸೇರಿದ ಔಷಧಗಳ ಗುಂಪು), 21 ದಿನಕ್ಕೊಮ್ಮೆ, ಹೆಚ್ಚಾಗಿ 6 ಸುತ್ತು. ಮನೆಯಲ್ಲಿ ಥರ್ಮಾಮೀಟರ್ ಇರಲಿ: ಜ್ವರ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಹೊರಡಿ, ಬೆಳಗಾಗಲಿ ಅಂತ ಕಾಯಬೇಡಿ. ಚಿಕಿತ್ಸೆ ಮುಗಿದು 6 ರಿಂದ 8 ವಾರಕ್ಕೆ ಮತ್ತೆ ಪೆಟ್. ಆಗಲೂ ಸಣ್ಣ ಗಡ್ಡೆ ಉಳಿದಿದ್ದರೆ ಗಾಬರಿ ಬೇಡ, ಸ್ಕ್ಯಾನ್‌ನಲ್ಲಿ ಹೊಳೆಯದಿದ್ದರೆ ಅದು ಬರೀ ಗಾಯದ ಕಲೆ ಇರಬಹುದು. ಹೊಳೆದರೆ ಮತ್ತೆ ಬಯಾಪ್ಸಿ ಮಾಡಿ ನೋಡುತ್ತಾರೆ.