ಘಾಟಿ ಮಧ್ಯ ಗಾಡಿ ಕೈಕೊಟ್ರೆ ಏನ್ ಮಾಡ್ಬೇಕು

ಊರಿಂದ ದೂರ ಗಾಡಿ ನಿಂತ್ರೆ ನಮ್ಮವರು ಮೊದ್ಲು ಮಾಡೋ ಕೆಲಸ ಬಾನೆಟ್ ಎತ್ತೋದು. ಅದು ಆಮೇಲೆ, ಮೊದ್ಲು ಜಾಗ ನೋಡ್ಕೊಳ್ಳಿ. ಬೆಂಗಳೂರು-ಮಂಗಳೂರು ರೋಡನ್ನೇ ಇಟ್ಕೊಂಡು ಹೇಳ್ತೀನಿ, ಸಕಲೇಶಪುರ ದಾಟಿ ದೋಣಿಗಾಲ್, ಮಾರನಹಳ್ಳಿ, ಅಲ್ಲಿಂದ ಶಿರಾಡಿ ಘಾಟಿ ಇಳಿದು ಗುಂಡ್ಯ. ಈ ಮಧ್ಯದಲ್ಲಿ ಕೆಟ್ರೆ ಅತ್ಲಾಗೂ ಇಲ್ಲ ಇತ್ಲಾಗೂ ಇಲ್ಲ, ಕಾಡು, ಮಳೆ, ಲಾರಿ ಸಾಲು, ಎಷ್ಟೋ ಕಡೆ ನೆಟ್‌ವರ್ಕೂ ಇರಲ್ಲ.

ಪಿಕಪ್ ಹೋಗ್ತಿದೆ ಅಂತ ಗೊತ್ತಾದ ತಕ್ಷಣ, ಪೂರ್ತಿ ನಿಲ್ಲೋಕೆ ಮುಂಚೆನೇ ಎಡಕ್ಕೆ ತಗೊಳ್ಳಿ, ತಿರುವಲ್ಲಿ ಮಾತ್ರ ನಿಲ್ಲಿಸಬೇಡಿ, ಇಳಿಜಾರಿದ್ರೆ ತಿರುವು ದಾಟಿ ನೇರ ರೋಡ್ ಸಿಗೋವರೆಗೂ ನಿಧಾನಕ್ಕೆ ಉರುಳಿಸಿ. ಇಂಜಿನ್ ಆಫ್ ಆದ್ಮೇಲೆ ಸ್ಟೇರಿಂಗೂ ಬ್ರೇಕೂ ಗಟ್ಟಿಯಾಗುತ್ತೆ, ಬ್ರೇಕನ್ನ ಪದೇ ಪದೇ ತುಳಿದು ಬಿಡಬೇಡಿ, ಒಂದೇ ಸಲ ಗಟ್ಟಿಯಾಗಿ ಒತ್ತಿ ಹಿಡೀರಿ. ಗಾಡಿ ಉರುಳ್ತಿರುವಾಗ ಕೀ ಎಳೀಲೇಬೇಡಿ, ಸ್ಟೇರಿಂಗ್ ಲಾಕ್ ಆಗುತ್ತೆ.

ನಿಂತ್ಮೇಲೆ ಹ್ಯಾಂಡ್‌ಬ್ರೇಕ್, ಹಜಾರ್ಡ್ ಲೈಟ್, ಚಕ್ರಕ್ಕೆ ಕಲ್ಲು. ಡಿಕ್ಕಿಲಿರೋ ಕೆಂಪು ತ್ರಿಕೋನವನ್ನ ಗಾಡಿ ಹಿಂದೆನೇ ಇಟ್ರೆ ಏನೂ ಪ್ರಯೋಜನ ಇಲ್ಲ, ಐವತ್ತು ಮೀಟರಾದ್ರೂ ಹಿಂದಕ್ಕೆ ಹೋಗಿ ಇಡಿ, ಹಿಂದೆ ತಿರುವಿದ್ರೆ ತಿರುವಿನ ಆಚೆ. ಅದಿಲ್ಲಾಂದ್ರೆ ಲಾರಿಯವರ ಥರ ಎಲೆ ಇರೋ ಕೊಂಬೆ ಮುರಿದು ರೋಡಲ್ಲಿ ಹಾಕಿ, ಘಾಟಿಲಿ ಓಡಾಡೋ ಡ್ರೈವರ್‌ಗಳಿಗೆ ಸೊಪ್ಪು ಕಂಡ್ರೆ ಮುಂದೆ ಗಾಡಿ ನಿಂತಿದೆ ಅಂತ ಗೊತ್ತಾಗಿಬಿಡುತ್ತೆ. ಆದ್ರೆ ಹೊರಡೋವಾಗ ಸೊಪ್ಪು, ಕಲ್ಲು ಎಲ್ಲಾ ತೆಗೀರಿ ಮಾರಾಯ್ರೆ! ಕಲ್ಲು ಅಲ್ಲೇ ಬಿಟ್ಟು ಹೋಗೋರನ್ನ ಕಂಡ್ರೆ ನಂಗೆ ಮೈ ಉರಿಯುತ್ತೆ, ರಾತ್ರಿ ಬೈಕಲ್ಲಿ ಬರೋನ ಗತಿ ಏನು? ಜೊತೆಗಿರೋರನ್ನ ಗಾಡಿಯಿಂದ ಇಳಿಸಿ ರೋಡ್ ಬಿಟ್ಟು ಆಚೆ ನಿಲ್ಲಿಸಿ, ಮಳೆಗಾಲದಲ್ಲಿ ಕಡಿದ ಗುಡ್ಡದ ಬುಡದಲ್ಲಿ ಮಾತ್ರ ಬೇಡ, ಮಣ್ಣು ಜರಿಯುತ್ತೆ. ಬಂಡೀಪುರದಂಥ ಕಡೆ ಕತೆ ಬೇರೆ, ಅಲ್ಲಿ ಇಳೀಬೇಡಿ, ಒಳಗೇ ಕೂತು ಹೋಗೋ ಬಸ್ ಡ್ರೈವರ್‌ಗೆ ಕೈ ಮಾಡಿ ಫಾರೆಸ್ಟ್ ಚೆಕ್‌ಪೋಸ್ಟಿಗೆ ಹೇಳಿ ಕಳಿಸಿ. ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಅಲ್ಲಿ ರೋಡೇ ಬಂದ್, ಅದಕ್ಕೆ ಗೇಟ್ ಹಾಕೋ ಹೊತ್ತಿಗೆ ಸರಿಯಾಗಿ ನುಗ್ಗೋ ಸಾಹಸ ಬೇಡ.

ಈಗ ಫೋನ್. ನ್ಯಾಷನಲ್ ಹೈವೇ ಆದ್ರೆ 1033, ಪ್ರಾಣಕ್ಕೆ ಅಪಾಯ ಅನ್ಸಿದ್ರೆ 112. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ರೂ ಬೇರೆ ಕಂಪನಿ ಟವರ್ ಸಿಕ್ರೆ 112 ಹೋಗುತ್ತೆ, ಟ್ರೈ ಮಾಡಿ. ಎಲ್ಲಿದ್ದೀರ ಅಂತ ಕೇಳಿದ್ರೆ "ಶಿರಾಡಿ ಘಾಟಿಲಿ" ಅಂದ್ರೆ ಅವ್ರು ಎಲ್ಲೀಂತ ಹುಡುಕ್ಬೇಕು? ರೋಡ್ ಬದಿ ಕಿಲೋಮೀಟರ್ ಕಲ್ಲಲ್ಲಿರೋ ನಂಬರ್ ಓದಿ ಹೇಳಿ, ಮಂಗಳೂರಿನ ಕಡೆ ಹೋಗ್ತಿದ್ರೋ ಬೆಂಗಳೂರಿನ ಕಡೆನೋ ಅದನ್ನೂ ಹೇಳಿ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್ ತಗೊಂಡಿದ್ರೆ ಆ ನಂಬರನ್ನ ಪೇಪರಲ್ಲಿ ಬರೆದು ಗಾಡಿಲಿ ಇಟ್ಟಿರಿ, ನೆಟ್ ಇಲ್ಲದ ಜಾಗದಲ್ಲಿ ಪಿಡಿಎಫ್ ಓಪನ್ ಆಗಲ್ಲ.

ಆಮೇಲೆ ಬಾನೆಟ್. ಗುಂಡ್ಯದಿಂದ ಮೇಲೆ ಹತ್ತೋವಾಗ ಟ್ರಾಫಿಕ್ ಜಾಮಲ್ಲಿ ಸಿಕ್ಕಾಕೊಂಡ್ರೆ ಎರಡು ಕಾಯಿಲೆ ಜಾಸ್ತಿ. ಒಂದು ಹೀಟ್ ಆಗೋದು. ಟೆಂಪರೇಚರ್ ಮುಳ್ಳು ಮೇಲೆ ಹೋಗ್ತಿದ್ದಾಗಲೇ ಎಸಿ ಆಫ್ ಮಾಡಿ ಹೀಟರ್ ಫುಲ್ ಇಡಿ, ಬೆವರಿಳಿಯುತ್ತೆ ನಿಜ, ಆದ್ರೆ ಇಂಜಿನ್ ಬಿಸಿ ಸ್ವಲ್ಪ ಒಳಗೆ ಬಂದು ಜಾಗ ಸಿಗೋವರೆಗೂ ತಳ್ಕೊಂಡು ಹೋಗ್ಬಹುದು. ಹೊಗೆ ಬಂದ್ರೆ ಆಫ್ ಮಾಡಿ ಅರ್ಧ ಗಂಟೆಯಾದ್ರೂ ಕಾಯಿರಿ, ರೇಡಿಯೇಟರ್ ಮುಚ್ಚಳ ಬಿಸಿ ಇರುವಾಗ ತೆಗೆದ್ರೆ ಕುದಿಯೋ ನೀರು ಮುಖಕ್ಕೇ ಎಗರುತ್ತೆ. ತಣ್ಣಗಾದ್ಮೇಲೆ ಕೂಲೆಂಟ್ ಇಲ್ಲದಿದ್ರೆ ಕುಡಿಯೋ ನೀರೇ ಹಾಕಿ, ಕೆಳಗೆ ಸೋರ್ತಾ ಇದ್ರೆ ಓಡಿಸೋ ಆಸೆ ಬಿಡಿ. ಇನ್ನೊಂದು ಕ್ಲಚ್, ಸುಟ್ಟ ವಾಸನೆ ಬಂದ್ರೆ ನಿಲ್ಲಿಸಿ ಆರೋಕೆ ಬಿಡಿ, ಆಮೇಲೂ ರೇಸ್ ಕೊಟ್ರೆ ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ರೆ ಟೋಯಿಂಗೇ ಗತಿ.

ಕೀ ತಿರುಗಿಸಿದ್ರೆ ಬರೀ ಟಿಕ್ ಟಿಕ್ ಅಂದ್ರೆ ಸಾಮಾನ್ಯವಾಗಿ ಬ್ಯಾಟರಿ. ಮ್ಯಾನುಯಲ್ ಗಾಡಿ ಆದ್ರೆ ಕೀ ಆನ್, ಸೆಕೆಂಡ್ ಗೇರ್, ಕ್ಲಚ್ ಒತ್ತಿ ತಳ್ಳಿಸಿ, ಓಟ ಬಂದ್ಮೇಲೆ ಕ್ಲಚ್ ಬಿಡಿ, ಆದ್ರೆ ಘಾಟಿ ಇಳಿಜಾರಲ್ಲಿ ಇದು ಬೇಡ, ಸಮತಟ್ಟು ಜಾಗದಲ್ಲಿ ಮಾತ್ರ. ಆಟೋಮ್ಯಾಟಿಕ್ ಆದ್ರೆ ತಳ್ಳಿ ಸುಸ್ತಾಗೋದು ಅಷ್ಟೇ. ಜಂಪರ್ ಕೇಬಲ್ ಇದ್ರೆ ಕೆಂಪು ಪ್ಲಸ್ಸಿಗೆ ಪ್ಲಸ್ಸು, ಕಪ್ಪನ್ನ ಒಳ್ಳೇ ಬ್ಯಾಟರಿ ಮೈನಸ್ಸಿಗೆ ಹಾಕಿ ಇನ್ನೊಂದು ತುದಿಯನ್ನ ಕೆಟ್ಟ ಗಾಡಿ ಇಂಜಿನ್ನಿನ ಪೇಂಟ್ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ.

ಪಂಕ್ಚರ್ ಎಲ್ರಿಗೂ ಗೊತ್ತಿರೋದೇ, ಜಾಕ್ ಎತ್ತೋಕೆ ಮುಂಚೆ ನಟ್ಟು ಸಡಿಲ ಮಾಡಿ ಅಷ್ಟೇ. ಸ್ಟೆಪ್ನಿಗೆ ಗಾಳಿ ಇದೆಯಾ ಅಂತ ಮನೆಯಲ್ಲೇ ನೋಡ್ಕೊಂಡು ಹೊರಡಿ.

ಟೋಯಿಂಗ್ ಗಾಡಿ ಬಂದ್ರೆ ಕೊಕ್ಕೆ ಹಾಕೋಕೆ ಮುಂಚೆ ರೇಟ್ ಮಾತಾಡಿ, ಎಲ್ಲಿಗೆ, ಎಷ್ಟು, ಘಾಟಿಗೆ ಎಕ್ಸ್‌ಟ್ರಾ ಇದೆಯಾ ಅಂತ, ಸಾಧ್ಯ ಆದ್ರೆ ವಾಟ್ಸಾಪಲ್ಲಿ ಬರೆಸ್ಕೊಳ್ಳಿ. ಆಟೋಮ್ಯಾಟಿಕ್ ಗಾಡಿಗೆ, ಪೂರ್ತಿ ಮೇಲೆ ಹೇರ್ಕೊಂಡು ಹೋಗೋ ಫ್ಲಾಟ್‌ಬೆಡ್ಡೇ ಬೇಕು ಅಂತ ಹಠ ಹಿಡೀರಿ, ಚಕ್ರ ಉರುಳಿಸ್ಕೊಂಡು ಎಳೆದ್ರೆ ಗೇರ್‌ಬಾಕ್ಸ್ ಹಾಳಾಗೋ ಚಾನ್ಸ್ ಇದೆ. ಸಣ್ಣ ರಿಪೇರಿ ಆದ್ರೆ ಹತ್ತಿರದ ಗ್ಯಾರೇಜೇ ಸಾಕು, ಆದ್ರೆ ಇಂಜಿನ್ ಬಿಚ್ಬೇಕು ಅಂತ ಅಲ್ಲೇ ಯಾರಾದ್ರೂ ಅಂದ್ರೆ ಬೇಡ ಅನ್ನಿ, ಹಾಸನಕ್ಕೋ ಮಂಗಳೂರಿಗೋ ತಗೊಂಡೋಗಿ ಸರ್ವಿಸ್ ಸೆಂಟರಲ್ಲಿ ತೋರಿಸಿ. ಗಾಡಿ ಬಿಟ್ಟು ಬರೋದಾದ್ರೆ ಮೀಟರ್ ರೀಡಿಂಗು, ಪೆಟ್ರೋಲ್ ಮುಳ್ಳು, ನಾಲ್ಕೂ ಕಡೆ ಬಾಡಿ ಫೋಟೋ ಹೊಡ್ಕೊಳ್ಳಿ, ಬದಲಾಯಿಸಿದ ಹಳೇ ಪಾರ್ಟ್ ವಾಪಸ್ ಬೇಕು ಅಂತ ಮೊದ್ಲೇ ಹೇಳಿ. ಫ್ಯಾಮಿಲಿನ ಕಾಯಿಸೋದು ಬೇಡ, ಸಕಲೇಶಪುರದಿಂದ ಬಸ್ಸೂ ಇದೆ ಟ್ರೈನೂ ಇದೆ, ಅವ್ರನ್ನ ಹತ್ತಿಸಿ ಕಳಿಸಿ, ಗಾಡಿ ಜೊತೆ ಒಬ್ರಿದ್ರೆ ಸಾಕು.